ರಾಜಾರಾಮನನ್ನು ಬಾವಿಯಿಂದ ಎತ್ತಿದ್ದು

ಜುಗೂಳದ ರಾಜಾರಾಮ ಕಾಂಬಳೆ ದಿನವೆಲ್ಲ ನೀರಿನೊಳಗೇ ಇದ್ದು ಬಂದು, ಮನೆಯಲ್ಲಿ ಜಳಕ ಮಾಡು ಎಂದರೆ ಸಿಟ್ಟಿಗೇಳುತ್ತಿದ್ದ. ಅದು ಕೆಲಸ, ಇದು ಜಳಕ, ಎರಡೂ ಬೇರೆ ಎಂದು ಅವನ ಹೆಂಡತಿ ಶೇವಂತಾ ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ನಾನು ಬಸವಂತ. ಕಂಪ್ರೆಸರ್ ಟ್ರ್ಯಾಕ್ಟರ್ ನನ್ನದು. ಅವನು ಕೆಳಗಿರುವಷ್ಟು ಹೊತ್ತು ಅವನ ಉಸಿರು ನನ್ನ ಮಶೀನಿನಿಂದಲೇ ಹೋಗಬೇಕು. ಹೀಗಾಗಿ ಅವನ ಬಗ್ಗೆ ನಾಲ್ಕು ಮಾತಾಡುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಕಡೆ ಕೃಷ್ಣೆಯ ದಂಡೆಗುಂಟ ಕಬ್ಬಿಗೆ ನೀರೆತ್ತುವ ಬಾವಿಗಳು, ಅಂದರೆ ಜಾಕವೆಲ್‌ಗಳಿವೆ. ಮಹಾಪೂರ ಬಂದು ಹೋದ ಮೇಲೆ ಅವುಗಳ ಪೈಪಿನ ಬಾಯಿಗೆ ಕೆಸರು, ನೀರಲ್ಲಿ ತೇಲುವ ಕಳೆ ಜಲಪರ್ಣಿ, ಒಮ್ಮೊಮ್ಮೆ ಸತ್ತ ಎಮ್ಮೆ, ಏನು ಬೇಕಾದರೂ ಬಂದು ಕೂತಿರುತ್ತದೆ. ಮೇಲೆ ನಿಂತು ಬೈದರೆ ಅದು ಹೋಗುವುದಿಲ್ಲ. ಯಾರಾದರೂ ಇಳಿಯಬೇಕು, ಮತ್ತು ಅಂಕಲಿಯಿಂದ ಅಥಣಿಯವರೆಗೆ ಆ ಯಾರಾದರೂ ಎಂದರೆ ರಾಜಾರಾಮ. ಕಣ್ಣಿಗೊಂದು ಗಾಜಿನ ಮುಖವಾಡ, ಸೊಂಟಕ್ಕೆ ಕಬ್ಬಿಣದ ತುಂಡುಗಳು, ಹಲ್ಲಿನಲ್ಲಿ ಕಚ್ಚಿಕೊಂಡ ನನ್ನ ಕಂಪ್ರೆಸರಿನ ಪೈಪು. ಟಿವಿಯಲ್ಲಿ ಸಮುದ್ರಕ್ಕೆ ಇಳಿಯುವವರ ಬೆನ್ನಿಗೆ ಸಿಲಿಂಡರ್ ಇರುತ್ತದೆ. ಇವನ ಸಿಲಿಂಡರ್ ದಂಡೆಯ ಮೇಲೆ ಡೀಸೆಲ್ ಕುಡಿಯುತ್ತ ನಿಂತಿರುತ್ತಿತ್ತು. ಆ ಪೈಪಿನ ಮೇಲೆ ದನ, ಮೋಟರ್‌ಸೈಕಲ್, ಊರ ಹಿರಿಯರು ಕಾಲಿಡದಂತೆ ಕಾಯುವ ಕೆಲಸ ಶೇವಂತಾಳದು. ಕಾಯುತ್ತಲೇ ಬದುವಿನ ಹುಲ್ಲು ಕೊಯ್ದು ಹೊರೆ ಕಟ್ಟುತ್ತಿದ್ದಳು. ಸುಮ್ಮನೆ ಕೂತು ಗಂಡನನ್ನು ಕಾಯುವುದು ಅವಳಿಗೆ ನಾಚಿಕೆಯ ವಿಷಯ.

ಇನ್ನು ಅವನನ್ನು ಮೇಲೆತ್ತುವ ರೀತಿ ಹೇಳಬೇಕು. ಜುಗೂಳದಲ್ಲಿ ಹಗ್ಗ ಜಗ್ಗಾಟದ ಒಂದು ತಂಡವಿದೆ. ಅದರ ಕ್ಯಾಪ್ಟನ್ ಬೀರದೇವ. ಅವನ ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆ ಎಂದು ಈತನಕ ಯಾರಿಗೂ ಗೊತ್ತಾಗಿಲ್ಲ. ರಾಜಾರಾಮ ಎಲ್ಲಿ ಇಳಿದರೂ ಈ ತಂಡ ಅವನ ಎದೆಗೆ ಕಟ್ಟಿದ ಹಗ್ಗದ ಈ ತುದಿ ಹಿಡಿದು ನಿಲ್ಲುತ್ತಿತ್ತು. ಅವನು ಕೆಳಗಿನಿಂದ ಮೂರು ಸಲ ಜಗ್ಗಿದರೆ ಸಾಕು, ‘ಹೈ... ಹೈ’ ಎಂದು ಕೂಗುತ್ತ ಒಂದೇ ದಮ್ಮಿಗೆ ಮೇಲಕ್ಕೆ ಎಳೆಯುತ್ತಿದ್ದರು. ಊರ ಕೆಲಸಕ್ಕೆ ಇಳಿದ ಮನುಷ್ಯನನ್ನು ತಣ್ಣೀರಿನಲ್ಲಿ ಕಾಯಿಸುವುದು ಮರ್ಯಾದೆಯಲ್ಲ ಎಂಬುದು ಅವರ ಲೆಕ್ಕ. ಎಷ್ಟು ಜೋರಾಗಿ ಎಳೆದರೆ ಅಷ್ಟು ಪ್ರೀತಿ. ರಾಜಾರಾಮನಿಗೂ ಅದರಲ್ಲಿ ಹೆಮ್ಮೆಯಿತ್ತು. ನೀರಿನಿಂದ ಮೀನು ಹಾರಿದಂತೆ ಹಾರಿ ದಂಡೆಗೆ ಬಿದ್ದು, ಮುಖವಾಡ ತೆಗೆದು, ತಂಬಾಕು ಕೇಳುತ್ತಿದ್ದ.

ನಾಲ್ಕೈದು ವರ್ಷ ಹೀಗೆ ನಡೆದ ಮೇಲೆ ಅವನಿಗೆ ಭುಜ ನೋಯಲು ಶುರುವಾಯಿತು. ಆಮೇಲೆ ಮೊಣಕಾಲು. ಕೆಲಸ ಮುಗಿದು ಒಂದೆರಡು ತಾಸಿಗೆ ಕೀಲಿನೊಳಗೆ ಯಾರೋ ಬೈರಿಗೆ ಹಾಕಿ ತಿರುವಿದಂತೆ ನೋವು, ಹೊಟ್ಟೆಯ ಚರ್ಮಕ್ಕೆಲ್ಲ ತುರಿಕೆ. ಶೇವಂತಾ ಎಣ್ಣೆ ಕಾಸಿ ತಿಕ್ಕಿದಳು, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದಳು. ಕಾಗವಾಡದ ಒಬ್ಬ ವೈದ್ಯ ವಾತ ಎಂದ. ಇನ್ನೊಬ್ಬ ವಯಸ್ಸು ಎಂದ. ರಾಜಾರಾಮನಿಗೆ ಆಗ ಇನ್ನೂ ನಲವತ್ತು ತುಂಬಿರಲಿಲ್ಲ.

ಔಷಧಿಯನ್ನು ಕೊನೆಗೆ ಅವನೇ ಕಂಡುಹಿಡಿದ. ಒಂದು ಸಂಜೆ ನೋವು ಇಟ್ಟುಕೊಂಡೇ, ಕೆಳಗೆ ಬಿದ್ದಿದ್ದ ನಟ್ಟು ತಿರುವುವ ಪಾನಾ ಹುಡುಕಲು ಮತ್ತೆ ಜಾಕವೆಲ್‌ಗೆ ಇಳಿದ. ತಳ ಮುಟ್ಟುವ ಮೊದಲೇ ನೋವು ಮಾಯ. ಅಂದಿನಿಂದ ಭುಜ ನೋಯಿತೆಂದರೆ ನನ್ನ ಮನೆಯ ಮುಂದೆ ಬಂದು ನಿಲ್ಲುತ್ತಿದ್ದ.

“ಬಸವಂತಣ್ಣಾ, ಮಶೀನ್ ಚಾಲೂ ಮಾಡ್ರಿ. ಸ್ವಲ್ಪ ಕೆಳಗ ಕುಂತ ಬರ್ತೀನಿ.”

ಜನ ಸಂಜೆ ಹೊತ್ತು ಕಟ್ಟೆಗೆ ಹೋಗಿ ಕೂಡುತ್ತಾರೆ. ಇವನು ಕೃಷ್ಣೆಯ ತಳಕ್ಕೆ ಹೋಗಿ ಕೂತು, ಹಾಯಾಗಿ ಮೇಲೆ ಬಂದು, ಮರುದಿನ ಮತ್ತೆ ನೋಯಿಸಿಕೊಳ್ಳುತ್ತಿದ್ದ. ಹೊಳೆ ಕೊಟ್ಟದ್ದನ್ನು ಹೊಳೆಯೇ ತೆಗೆದುಕೊಳ್ಳುತ್ತದೆ ಎಂದು ಊರೆಲ್ಲ ಒಪ್ಪಿತು. ನಾನೂ ಒಪ್ಪಿದೆ. ಶೇವಂತಾ ಮಾತ್ರ, “ಇದೆಂಥಾ ಔಷಧಾರಿ, ದಿನಾ ಕುಡದ್ರೂ ಮುಗೀವಲ್ದು?” ಎಂದು ಕೇಳಿದಳು.

ಹೋದ ವರ್ಷ ಅಕ್ಟೋಬರಿನಲ್ಲಿ ಅಥಣಿ ಕಡೆಯ ರಾವಸಾಹೇಬರು ಹೇಳಿ ಕಳಿಸಿದರು. ದೊಡ್ಡ ದ್ರಾಕ್ಷಿ ತೋಟ, ಅದಕ್ಕೆ ತಕ್ಕ ಬಾವಿ. ಮಳೆ ಚೆನ್ನಾಗಿ ಆಗಿ ಬಾವಿಯಲ್ಲಿ ತೊಂಬತ್ತು ಅಡಿ ನೀರು ನಿಂತಿತ್ತು. ಬಳ್ಳಿ ಕತ್ತರಿಸುವ ಚಾಟಣಿ ಮುಗಿದು ಚಿಗುರಿಗೆ ನೀರು ಬೇಕಾದ ಹೊತ್ತಿಗೆ ಸರಿಯಾಗಿ ಮೋಟರು ಪೈಪಿನಿಂದ ಕಳಚಿ ತಳಕ್ಕೆ ಬಿದ್ದಿತ್ತು. ಟ್ರ್ಯಾಕ್ಟರಿನ ಹಿಂದೆ ಶೇವಂತಾಳನ್ನೂ ಬೀರದೇವನ ತಂಡವನ್ನೂ ಹತ್ತಿಸಿಕೊಂಡು ಹೋದೆವು.

ಮೊದಲ ಸಲ ಇಳಿದಾಗ ಮೋಟರು ಕೆಸರಿನಲ್ಲಿ ಹೂತಿದೆ ಎಂದು ಗೊತ್ತಾಯಿತು. ಎರಡನೇ ಸಲ ಸರಪಳಿ ಕಟ್ಟಿದ, ಜಾರಿತು. ಮೂರನೇ ಸಲ ಬಹಳ ಹೊತ್ತು ಕೆಳಗೇ ಇದ್ದು ಗಟ್ಟಿಯಾಗಿ ಬಿಗಿದ. ಮೋಟರನ್ನು ಬಾವಿಯ ಕ್ರೇನು ಎತ್ತಿತು. ಅದು ಹಳೆಯ ಕ್ರೇನು, ಗೊಣಗುತ್ತ ಇಂಚಿಂಚೇ ಎತ್ತುತ್ತದೆ. ಹಂಗೇ ರಾಜಾರಾಮನನ್ನೂ ಅದಕ್ಕೇ ಕಟ್ಟಿ ಎತ್ತೋಣ ಎಂದು ಕ್ರೇನಿನವನು ಅಂದ. ಬೀರದೇವನಿಗೆ ಕೆಟ್ಟ ಸಿಟ್ಟು ಬಂತು.

“ಲೇ, ಅದರಾಗ ಕೆಸರ ಎತ್ತತಾರಲೇ. ಮನಷ್ಯಾನ್ನ ಕೈಯಾಗ ಎತ್ತತಾರ.”

ಮೂರೂ ಸಲ ಕೈಯಿಂದಲೇ ಎತ್ತಿದರು. ಮೂರನೆಯದು ನಾನು ಕಂಡಿದ್ದರಲ್ಲೇ ಜೋರಿನದು. ದ್ರಾಕ್ಷಿ ತೋಟದ ಆಳುಗಳು ಚಪ್ಪಾಳೆ ತಟ್ಟಿದರು.

ಮೋಟರು ಮೇಲೆ ಬಂದಿತ್ತು, ಅಂದ ಮೇಲೆ ಸತ್ಕಾರ ಆಗಲೇಬೇಕು. ನಮ್ಮ ಭಾಗದಲ್ಲಿ ಸತ್ಕಾರವಿಲ್ಲದೆ ಯಾವ ಕೆಲಸವೂ ಮುಗಿಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಕೂಡಿಸಿದವನಿಗೂ ಶಾಲು ಹೊದಿಸುತ್ತಾರೆ. ರಾಜಾರಾಮನನ್ನು ಹೊರಸಿನ ಮೇಲೆ ಕೂಡಿಸಿ ಒದ್ದೆ ತಲೆಗೇ ಕೇಸರಿ ಫೇಟಾ ಸುತ್ತಿದರು. ರಾವಸಾಹೇಬರು ಶಾಲು, ತೆಂಗಿನಕಾಯಿ ಹಿಡಿದು ಬಂದರು. ರಾಜಾರಾಮ ಏಳಲಿಲ್ಲ. ಕೂತಲ್ಲೇ ಕೈ ಮುಗಿದ. ಹಿಂದೆ ನಿಂತವರಲ್ಲಿ ಯಾರೋ, “ನೋಡಪಾ, ಸಾಹೇಬ್ರು ಬಂದ್ರೂ ಏಳವಲ್ಲ” ಎಂದರು. ರಾವಸಾಹೇಬರ ತಾಯಿ ಗಿರಿಜವ್ವ, “ದಣದಾನ, ಬಿಡ್ರಿ” ಎಂದು ಗದರಿದರು. ಫೋಟೋ ತೆಗೆದರು. ಆ ಫೋಟೋ ನನ್ನ ಫೋನಿನಲ್ಲಿ ಈಗಲೂ ಇದೆ. ಎಲ್ಲರೂ ನಗುತ್ತಿದ್ದೇವೆ. ರಾಜಾರಾಮ ತನ್ನ ಕಾಲುಗಳನ್ನು ನೋಡುತ್ತಿದ್ದಾನೆ.

ಹುಲ್ಲಿನ ಹೊರೆ ಇಳಿಸಿ ಬಂದ ಶೇವಂತಾ ಒಂದೇ ಸಲ ನೋಡಿದಳು. ತನ್ನ ಗಂಡ ದೊಡ್ಡವರ ಮುಂದೆ ಕೂತೇ ಇರುವವನಲ್ಲ ಎಂದು ಅವಳಿಗೆ ಗೊತ್ತು. ಅವನ ಪಾದಕ್ಕೆ ಉಗುರು ಊರಿ ಚಿವುಟಿದಳು. ಅವನು ಸುಮ್ಮನಿದ್ದ. ತೊಡೆಗೆ ಚಿವುಟಿದಳು. ಸುಮ್ಮನಿದ್ದ.

“ಕಾಲ ಬರವಲ್ಲು, ಶೇವಂತಾ,” ಎಂದ ಮೆಲ್ಲಗೆ. “ಸೊಂಟದ ಕೆಳಗ ಏನೂ ತಿಳೀವಲ್ದು.” ಆಮೇಲೆ ನನ್ನ ಕಡೆ ತಿರುಗಿದ. “ಬಸವಂತಣ್ಣಾ, ನನ್ನ ಮತ್ತ ಕೆಳಗ ಇಳಸ್ರಿ. ಕೆಳಗ ಹೋದ್ರ ಆರಾಮ ಆಕ್ಕೈತಿ.”

ಅದು ನಮಗೆಲ್ಲ ಸರಿಯೆನಿಸಿತು. ಇಷ್ಟು ವರ್ಷ ಆದದ್ದು ಅದೇ ತಾನೇ? ಬೀರದೇವ ಆಗಲೇ ಅವನ ಎದೆಗೆ ಹಗ್ಗ ಕಟ್ಟತೊಡಗಿದ. ನಾನು ಕಂಪ್ರೆಸರ್ ಶುರು ಮಾಡಿದೆ. ಇಬ್ಬರು ಅವನನ್ನು ಫೇಟಾ ಸಮೇತ ಎತ್ತಿಕೊಂಡರು.

ಶೇವಂತಾ ಬಾವಿಯ ಕಟ್ಟೆಯ ಮೇಲೆ ಹತ್ತಿ ನಿಂತಳು. “ಕಾಲಿಲ್ದ ಮನಷ್ಯಾ ಕೆಳಗ ಹೆಂಗ ತಡೀತಾನ? ಬಾಯಾಗಿನ ಪೈಪ ಜಾರಿದ್ರ ಯಾರ ಹಿಡೀತೀರಿ? ನೀವ?”

“ವೈನಿ, ಐದ ಮಿನಿಟ್ ರೀ...” ಎಂದ ಬೀರದೇವ.

ಅವಳು ಕೆಳಗಿಳಿದು, ಕೈಯಲ್ಲಿದ್ದ ಕುಡಗೋಲಿನಿಂದ ನನ್ನ ಪೈಪನ್ನು ಕೊಯ್ದುಬಿಟ್ಟಳು. ಹೊಸ ಪೈಪು. ಬುಸ್ ಎಂದು ಗಾಳಿಯೆಲ್ಲ ಹುಲ್ಲಿನ ಮೇಲೆ ಹೋಯಿತು. ನನ್ನ ಹೊಟ್ಟೆ ಉರಿದದ್ದು ಸುಳ್ಳಲ್ಲ. ತಡೆಯಬೇಕೆಂದವರಿಗೂ ಕುಡಗೋಲು ಕಾಣಿಸುತ್ತಿತ್ತು, ಹೀಗಾಗಿ ಯಾರೂ ಹೋಗಲಿಲ್ಲ. ರಾವಸಾಹೇಬರು ಕಾರು ತೆಗೆಸಿದರು.

ಮಿರಜದ ಆಸ್ಪತ್ರೆಯಲ್ಲಿ ಡಾಕ್ಟರ್ ಮನೀಷಾ ಎಂಬವರಿದ್ದರು. ಕೊಂಕಣದ ಮುಳುಗುಗಾರರನ್ನು ನೋಡಿ ಗೊತ್ತಿದ್ದವರು. ಮೊದಲು ಮೂಗು ಬಾಯಿಗೆ ಆಕ್ಸಿಜನ್ ಕಟ್ಟಿದರು, ನೆಟ್ಟಗೆ ಮಲಗಿಸಿದರು, ಮೂತ್ರ ಕಟ್ಟಿದ್ದಕ್ಕೆ ನಳಿಗೆ ಹಾಕಿದರು. ಆಮೇಲೆ ಹೊರಗೆ ಬಂದು ಮರಾಠಿಯಲ್ಲಿ, ಎಷ್ಟು ಆಳ, ಎಷ್ಟು ಸಲ, ಮೇಲೆ ಬರಲು ಎಷ್ಟು ಹೊತ್ತು ತೆಗೆದುಕೊಂಡ ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ಬೀರದೇವ ಎದೆಯುಬ್ಬಿಸಿ ಮುಂದೆ ಬಂದ.

“ಹೊತ್ತೆಲ್ಲಿ ಬಂತ್ರಿ ಮ್ಯಾಡಮ್! ನಮ್ಮ ತಂಡ ಐತಿ. ಎಣಸೂದ್ರಾಗ ಮ್ಯಾಲ.”

ಡಾಕ್ಟರ್ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂಡಿಸಿ ಹೇಳಿದರು. ಆಳಕ್ಕೆ ಹೋದಷ್ಟೂ ನೀರು ಮೈಯನ್ನು ಒತ್ತುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ನರದಲ್ಲಿ ಕರಗಿ ಕೂಡುತ್ತದೆ. ಹೆಚ್ಚು ಹೊತ್ತು ಇದ್ದಷ್ಟೂ ಹೆಚ್ಚು. ಮೆಲ್ಲಗೆ, ನಡುನಡುವೆ ನಿಂತು ಮೇಲೆ ಬಂದರೆ ಅದು ಪುಪ್ಪುಸದ ಮೂಲಕ ಉಸಿರಿನೊಂದಿಗೆ ಹೊರಗೆ ಹೋಗುತ್ತದೆ. ಒಮ್ಮೆಲೇ ಎಳೆದರೆ, ಸೋಡಾ ಬಾಟಲಿ ತೆರೆದಂತೆ, ಮೈಯೊಳಗೇ ಗುಳ್ಳೆ ಏಳುತ್ತದೆ. ಕೀಲಿನಲ್ಲಿ ಎದ್ದರೆ ನೋವು, ಚರ್ಮದಲ್ಲಿ ಎದ್ದರೆ ತುರಿಕೆ. ಇವನಿಗೆ ಈ ಸಲ ಬೆನ್ನುಹುರಿಯಲ್ಲಿ ಎದ್ದಿದೆ. ಮತ್ತೆ ನೀರಿಗೆ ಇಳಿದರೆ ಗುಳ್ಳೆ ಒತ್ತಿ ಸಣ್ಣದಾಗುತ್ತದೆ, ಅದಕ್ಕೇ ಆರಾಮ ಅನಿಸುತ್ತಿತ್ತು. ಆದರೆ ಕೆಳಗೆ ಮತ್ತಷ್ಟು ನೈಟ್ರೋಜನ್ ತುಂಬಿಕೊಂಡು ಬರುತ್ತಿದ್ದ.

ಬೀರದೇವ ತನ್ನ ಎರಡೂ ಅಂಗೈ ನೋಡಿಕೊಂಡ. ಆಮೇಲೆ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಗೋಡೆಗೆ ಮುಖ ಮಾಡಿ ಕೂತ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣದಾಗಿ ಕೂತದ್ದನ್ನು ನೋಡಿ ನನಗೆ ಸಂಕಟವಾಯಿತು. ಪ್ರೀತಿಯಿಂದ ಎಳೆದಿದ್ದ, ಪಾಪ.

ಅಲ್ಲಿಂದ ಆಕ್ಸಿಜನ್ ಹಚ್ಚಿಕೊಂಡೇ ಆಂಬುಲೆನ್ಸಿನಲ್ಲಿ ಪುಣೆಗೆ. ಶೇವಂತಾ ಒಳಗೆ, ನಾನು ಡ್ರೈವರನ ಪಕ್ಕ. ಅಲ್ಲಿ ದೊಡ್ಡ ಬಾಯ್ಲರಿನಂಥ ಒಂದು ಕಬ್ಬಿಣದ ಕೋಣೆ, ಅದಕ್ಕೊಂದು ದುಂಡು ಗಾಜಿನ ಕಿಟಕಿ. ಒಳಗೆ ಮಲಗಿಸಿ, ಬಾಗಿಲು ಹಾಕಿ, ಗಾಳಿ ತುಂಬಿ, ಒಣಗಿದ ಮೈಯಲ್ಲೇ ಅವನನ್ನು ಅರವತ್ತು ಅಡಿ ನೀರಿನ ಒತ್ತಡಕ್ಕೆ ಇಳಿಸಿದರು. ಮುಖವಾಡದಲ್ಲಿ ಬರೀ ಆಕ್ಸಿಜನ್ ಕೊಟ್ಟು, ಗುಳ್ಳೆಗಳನ್ನು ಹಿಂಡಿ, ತಾಸುಗಟ್ಟಲೆ ಹಿಡಿದು ಮೆಲ್ಲಮೆಲ್ಲಗೆ ಮೇಲೆ ತಂದರು. ಒಳಗಿನಿಂದ ಮೈಕಿನಲ್ಲಿ ಅವನ ದನಿ ಬಂತು.

“ಬಸವಂತಣ್ಣಾ, ಇದನ್ನ ನಾ ಆವಾಗ ಹೇಳಿದ್ನೆಲ್ರಿ? ಕೆಳಗ ಇಳಸ್ರಿ ಅಂತ?”

ಅಲ್ಲಿನ ಡಾಕ್ಟರ್ ನಕ್ಕರು. ಔಷಧ ಸರಿ, ಆದರೆ ಬಾವಿಯಲ್ಲಿ ಕೊಟ್ಟಿದ್ದರೆ ಮುಳುಗಿ ಹೋಗುತ್ತಿದ್ದ, ಪೈಪು ಕೊಯ್ದವರು ಯಾರೋ ಅವರೇ ಇವನನ್ನು ಉಳಿಸಿದ್ದು ಎಂದರು. ಕಾಲಿನ ಬಗ್ಗೆ ಮಾತ್ರ ಭರವಸೆ ಕೊಡಲಿಲ್ಲ. ತಡವಾಗಿದೆ, ನೋಡೋಣ ಎಂದರು. ಶೇವಂತಾ ಕಿಟಕಿಯಿಂದ ಕದಲಲಿಲ್ಲ. ಚಹಾ ತಂದುಕೊಟ್ಟೆ, ಕೈಯಲ್ಲೇ ಆರಿಹೋಯಿತು. ಅತ್ತುಬಿಡವ್ವಾ ಎಂದೆ. “ಯಾಕ್ರಿ ಅಣ್ಣಾ, ಇನ್ನೂ ಏನೂ ತಿಳದಿಲ್ಲಲಾ” ಎಂದಳು.

ದಿನವೂ ಆ ಕೋಣೆಯೊಳಗೆ ಒಂದು ಸರದಿ. ನಾಲ್ಕನೇ ದಿನದ್ದು ಮುಗಿದು ಹೊರಗೆ ತಂದಾಗ ಡಾಕ್ಟರ್ ಎಂದಿನಂತೆ ಸೂಜಿ ಹಿಡಿದು ಬಂದರು. ಕಣ್ಣು ಮುಚ್ಚಿಸಿ ಬಲಗಾಲಿಗೆ ಚುಚ್ಚಿದರು. ಏನಿಲ್ಲ. ಮೇಲೆ ಚುಚ್ಚಿದರು. ಏನಿಲ್ಲ. ನಾನು ಬೇರೆ ಕಡೆ ನೋಡತೊಡಗಿದೆ. ಎಡಗಾಲಿನ ಅಂಗಾಲಿಗೆ ಚುಚ್ಚಿದರು.

“ಯವ್ವಾ!” ಎಂದು ರಾಜಾರಾಮ ಚೀರಿದ. “ಏನ್ರಿ ಡಾಕ್ಟರ್, ಮನಷ್ಯಾರಲ್ಲೇನ್ರಿ ನಾವು? ನೋಯ್ತೈತ್ರಿ!”

ಶೇವಂತಾ ಆಸ್ಪತ್ರೆಯ ನೆಲದ ಮೇಲೆ ಕುಸಿದು ಕೂತಳು. ಸೆರಗು ಬಾಯಿಗೊತ್ತಿಕೊಂಡು, ಆವರೆಗೆ ಹಿಡಿದಿಟ್ಟದ್ದನ್ನೆಲ್ಲ ಅತ್ತಳು. ಅಳುತ್ತಲೇ ನನ್ನ ಅಂಗಿ ಹಿಡಿದು ಜಗ್ಗಿದಳು.

“ಕೇಳಿದ್ರೇನ್ರಿ ಅಣ್ಣಾ? ನೋಯ್ತೈತಂತರಿ ಇವರಿಗೆ. ನೋಯ್ತೈತಂತ.”