ಮುದ್ದೆ ಪಾತ್ರೆ ಇಳಿಸಿದ ಜಾಗ

ಎರಡು ಟ್ಯೂಬಿನ ಗೋಂದು ಬೆರೆಸುವಾಗ ಒಂದು ವಾಸನೆ ಬರುತ್ತದಲ್ಲ, ಅದು ಮೂಗಿನಲ್ಲಿ ನಿಲ್ಲುವುದಿಲ್ಲ, ನೇರ ನೆತ್ತಿಗೆ ಏರುತ್ತದೆ. ಕಳೆದ ವಾರ ನಮ್ಮ ಅಡುಗೆಮನೆ ತುಂಬ ಅದೇ ವಾಸನೆ. ಗ್ರಾನೈಟ್ ಕಟ್ಟೆಯ ಅಂಚಿನಲ್ಲಿ ಹೆಬ್ಬೆರಳಗಲ ಚಕ್ಕೆ ಎದ್ದು, ಅಲ್ಲಿಂದ ಒಳಗಡೆಗೆ ಒಂದು ಬಿರುಕು ಬಿಟ್ಟಿತ್ತು. ರಿಪೇರಿಗೆ ಬಂದಾತ ಗೋಂದಿಗೆ ಕರಿ ಪುಡಿ ಸೇರಿಸಿ ಕಲಸುತ್ತಾ, "ಹೆಂಗ್ ಒಡೀತು ಮೇಡಂ?" ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಸೋಫಾ ಮೇಲಿಂದ ನಮ್ಮ ಯಜಮಾನರು, "ಮೇಡಂ ಕುಕ್ಕರ್ ಎತ್ತಾಕಿದ್ರು ಕಣಪ್ಪ" ಎಂದರು.

ಎತ್ತಿಹಾಕಿದ್ದು ಅವರು. ತಮಾಷೆಗೆ ಹೇಳಿದರು, ಗೊತ್ತು. ಆದರೂ ಆ ವಾಸನೆ, ಆ ಮಾತು ಎರಡೂ ಒಟ್ಟಿಗೆ ಬಂದವು ನೋಡಿ, ನಾನು ಚಿತ್ರದುರ್ಗದ ಈ ಮನೆಯಲ್ಲಿ ಇರಲೇ ಇಲ್ಲ. ಹೊಳಲ್ಕೆರೆಯ ನಮ್ಮ ಹಳೇ ಬೀದಿಯಲ್ಲಿ, ಎದುರುಮನೆ ಅತ್ತೆಯ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ...

ಅತ್ತೆ ಅಂದರೆ ರಕ್ತಸಂಬಂಧವೇನಲ್ಲ. ಎದುರುಮನೆಯವರು, ಅಷ್ಟೇ. ಹೊಸದುರ್ಗದ ಕಡೆಯ ಹೆಣ್ಣು. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ಅವರ ಗಂಡ ಕಲ್ಲಿನ ಮೇಸ್ತ್ರಿ. ಎಪ್ಪತ್ತರ ದಶಕ ಅದು. ಉಳ್ಳವರ ಮನೆಗಳಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ ಆಗತಾನೇ ಬರುತ್ತಿತ್ತು. ಕಟ್ಟೆಗೆ ಕರೀ ಕಡಪ ಕಲ್ಲು, ನೆಲಕ್ಕೂ ಕಲ್ಲಿನ ಹಾಸು. ಹಾಕುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಒಡೆದದ್ದನ್ನು ಒಡೆದೇ ಇಲ್ಲ ಅನ್ನುವಂತೆ ಮಾಡುವವರು ಮೇಸ್ತ್ರಿ ಮಾವ ಒಬ್ಬರೇ.

ಅವರು ಕೆಲಸ ಮಾಡುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಮೊದಲು ಬಿರುಕಿನೊಳಗಿನ ಕೊಳೆಯನ್ನು ಮೊಳೆಯಿಂದ ಕೆರೆದು ತೆಗೆಯುತ್ತಿದ್ದರು. ಮೇಲೆ ಕೆಂಡದ ಬಾಣಲೆ ಇಟ್ಟು ಕಲ್ಲನ್ನು ಬಿಸಿ ಮಾಡುತ್ತಿದ್ದರು. ಅರಗು, ಜೇನುಮೇಣ, ಅದೇ ಕಲ್ಲಿನ ಪುಡಿ ಮೂರನ್ನೂ ಕರಗಿಸಿ, ಕಾಯಿಸಿದ ಕಬ್ಬಿಣದ ಪಟ್ಟಿಯಿಂದ ಬಿರುಕಿಗೆ ಒತ್ತಿ ಒತ್ತಿ ತುಂಬುತ್ತಿದ್ದರು. ಆರಿದ ಮೇಲೆ ಹೆರೆದು, ತೆಂಗಿನ ನಾರಿನಿಂದ ಉಜ್ಜಿ, ಕೊನೆಗೆ ಹರಳೆಣ್ಣೆ ಒರೆಸುತ್ತಿದ್ದರು. ಆಮೇಲೆ ಎದ್ದು ನಿಂತು, ಮೀಸೆ ಮೇಲೆ ಕೈಯಾಡಿಸಿ ಮನೆಯವರಿಗೆ ಸವಾಲು ಹಾಕುತ್ತಿದ್ದರು: "ಈಗ ಎಲ್ಲಿ ಒಡೆದಿತ್ತು ತೋರಿಸ್ರಿ ನೋಡಾಣ!"

ಯಾರಿಗೂ ತೋರಿಸಲು ಆಗುತ್ತಿರಲಿಲ್ಲ. ಸತ್ಯ ಹೇಳಬೇಕು, ಕೈ ಚಿನ್ನದಂಥದ್ದು. ಕೈ ಮಾತ್ರ.

ಅವರ ಮನೆಯ ಅಡುಗೆ ಕಟ್ಟೆಯೇ ಅವರ ಅಂಗಡಿ. ಹಿರಿಯೂರಿನ ಮೇಲೆ ಲಾರಿಯಲ್ಲಿ ತರಿಸಿದ ಉದ್ದನೆಯ ಒಂದೇ ಕಲ್ಲು, ಎರಡೂ ತುದಿ ಗೋಡೆಯೊಳಗೆ ಹೂತಿತ್ತು. ಯಾರೇ ಗಿರಾಕಿ ಬರಲಿ, ಮೊದಲು ಅಡುಗೆಮನೆಗೆ ಕರೆದುಕೊಂಡು ಹೋಗುತ್ತಿದ್ದರು.

ಒಮ್ಮೆ ದುರ್ಗದಿಂದ ಒಬ್ಬ ಹೆಂಗಸು ಬಂದರು. ಹೊಸ ಮನೆ ಕಟ್ಟಿಸುತ್ತಿದ್ದವರು, ಸ್ಥಿತಿವಂತರು. ಮೇಸ್ತ್ರಿ ಮಾವ ಕಟ್ಟೆಯನ್ನು ಸವರುತ್ತಾ, "ಒಂದೇ ಕಲ್ಲು ತಾಯಿ. ಒಂದು ತೇಪೆ ತೋರಿಸಿಬಿಡ್ರಿ, ಈ ಕಸುಬೇ ಬಿಡ್ತೀನಿ" ಎಂದರು. ಕಾಫಿ ಹಿಡಿದು ಬಂದ ಅತ್ತೆಗೆ ಗಂಡನ ಬಗ್ಗೆ ಎಷ್ಟು ಹೆಮ್ಮೆ ಅಂದರೆ, ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ಆ ಮೂಲೆ ನೋಡ್ರಮ್ಮ. ಲಾರಿಯಿಂದ ಇಳಿಸುವಾಗ ಮುರಿದು ಎರಡಾಗಿತ್ತು. ಹೆಂಗೆ ಕೂರ್ಸವ್ರೆ ನೋಡ್ರಿ, ಕಣ್ಣಿಗೇ ಕಾಣಲ್ಲ!" ಎಂದುಬಿಟ್ಟರು.

ದುರ್ಗದ ಹೆಂಗಸು ಬಿದ್ದು ಬಿದ್ದು ನಕ್ಕರು. "ಏನ್ ಮೇಸ್ತ್ರಿ, ಕಸುಬು ಇವತ್ತೇ ಬಿಡ್ತೀರೋ, ನಮ್ಮನೆ ಕೆಲಸ ಮುಗಿಸಿ ಬಿಡ್ತೀರೋ?"

ಕೆಲಸವೇನೂ ಕೈತಪ್ಪಲಿಲ್ಲ. ಆಯಮ್ಮ ನಗುನಗುತ್ತಲೇ ಒಪ್ಪಿಸಿ ಹೋದರು. ಆದರೆ ಅವರು ಬೀದಿ ದಾಟುವಷ್ಟರಲ್ಲಿ ಎದುರುಮನೆಯಿಂದ ಧಡ್ ಅಂತ ಒಂದು ಸದ್ದು, ಹಿಂದೆಯೇ ಅತ್ತೆಯ ಕೂಗು. ಅಮ್ಮ ಓಡಿದಳು, ನಾನೂ ಹಿಂದೆ ಓಡಿದೆ. ಖಾರ ಅರೆಯುವ ಗುಂಡುಕಲ್ಲು ಕಟ್ಟೆಯ ಮೇಲೆ ಹೊರಳಿ ಬಿದ್ದಿತ್ತು. ಅಂಚು ಚಕ್ಕೆಯೆದ್ದು, ಅಲ್ಲಿಂದ ಗೋಡೆಯ ತನಕ ಕಲ್ಲು ಸೀಳಿತ್ತು. ಅತ್ತೆ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನೆಲದ ಮೇಲೆ ಕೂತಿದ್ದರು. ಸೆರಗು ಕೆಂಪಾಗುತ್ತಿತ್ತು.

"ಗುಂಡು ಬೀಳಿಸ್ಕೊಂಡ್ಲು ತಂಗಿ" ಎಂದರು ಮೇಸ್ತ್ರಿ ಮಾವ, ನಮ್ಮಮ್ಮನಿಗೆ. "ಕೈಯಲ್ಲಿ ಒಂದು ಹಿಡಿತ ಇಲ್ಲ ಇವಳಿಗೆ."

ಅತ್ತೆ ತಲೆ ಎತ್ತಿ ಗಂಡನನ್ನು ನೋಡಿದರು. ಡಾಕ್ಟರ ಹತ್ತಿರವೂ ಮೇಸ್ತ್ರಿ ಅದನ್ನೇ ಹೇಳಿದರು. ಬೀದಿಗೂ ಅದನ್ನೇ ಹೇಳಿದರು. ಗಾಯ ಮಾಯಿತು, ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಸೊಟ್ಟಗೆ ನಿಂತವು.

ಅಮ್ಮನ ಹತ್ತಿರ ಮಾತ್ರ ಅತ್ತೆ ನಿಜ ಹೇಳಿದರು. "ಹೊಡೆದದ್ದು ಹೋಗ್ಲಿ ಬಿಡು. ಗುಂಡನ್ನ ಕಲ್ಲಿಗೆ ಹಾಕಿದ್ರೋ ಕೈಗೆ ಹಾಕಿದ್ರೋ ಅವರಿಗೇ ಗೊತ್ತು. ನಾನೇ ಬೀಳಿಸ್ಕೊಂಡೆ ಅಂದ್ರಲ್ಲ, ಅದನ್ನ ಬಿಡಲ್ಲ. 'ಎತ್ತಾಕಿದ್ದು ನಾನು' ಅಂತ ಅವರ ಬಾಯಲ್ಲೇ, ಬಂದೋರ ಎದುರಿಗೇ ಹೇಳಿಸ್ತೀನಿ."

"ಹೆಂಗಕ್ಕ ಹೇಳಿಸ್ತೀಯ? ಆ ಬಾಯಿ ಗೊತ್ತಲ್ಲ ನಿನಗೆ."

"ಬಾಯಿ ಬ್ಯಾಡ. ಮುದ್ದೆ ಮಾಡ್ತೀನಿ" ಎಂದರು ಅತ್ತೆ.

ಅಮ್ಮನಿಗೆ ಅರ್ಥವಾಗಲಿಲ್ಲ. ನನಗಂತೂ ಇಲ್ಲವೇ ಇಲ್ಲ.

ಮೇಸ್ತ್ರಿ ಮಾವ ಬಿರುಕು ತುಂಬಿದರು, ಎಂದಿನ ಹಾಗೆ ಕಾಣದಂತೆ. ಸಂಜೆ ಅತ್ತೆ ಮುದ್ದೆ ತಿರುವಿ, ಒಲೆಯಿಂದ ಕುದಿಯುವ ಪಾತ್ರೆಯನ್ನು ಎತ್ತಿ ಅದೇ ಬಿರುಕಿನ ಮೇಲೆ ಇಳಿಸಿದರು. ಅರಗಿಗೆ ಬಿಸಿ ತಾಗಿದರೆ ಏನಾಗುತ್ತದೆ ಹೇಳಿ? ಮೆತ್ತಗಾಗಿ ಉಬ್ಬಿತು, ಪಾತ್ರೆಯ ತಳಕ್ಕೆ ಮೆತ್ತಿಕೊಂಡು ಎದ್ದು ಬಂತು. ಬಿರುಕು ಮತ್ತೆ ಬಾಯಿ ಬಿಟ್ಟಿತು.

"ಅಲ್ಯಾಕೆ ಇಟ್ಟೆಯೇ?" ಅಂತ ಮೇಸ್ತ್ರಿ ಕೂಗಾಡುವುದು ನಮ್ಮ ಜಗಲಿಗೆ ಕೇಳುತ್ತಿತ್ತು.

"ಇನ್ನೆಲ್ಲಿ ಇಡ್ಲಿ? ಒಲೆ ಪಕ್ಕ ಅದೊಂದೇ ಜಾಗ ಇರೋದು. ಆ ತುದಿಗಂಟ ಹೊತ್ಕೊಂಡು ಹೋಗಾಣ ಅಂದ್ರೆ ಈ ಬೆರಳು ಹಿಡಿಯಲ್ಲ. ಕೈಯಲ್ಲಿ ಹಿಡಿತ ಇಲ್ಲ ಅಂತ ನೀವೇ ಅಂದ್ರಲ್ಲ."

ಅವರು ಮತ್ತೆ ತುಂಬಿದರು, ಇವರು ಮತ್ತೆ ಪಾತ್ರೆ ಇಳಿಸಿದರು. ಮೇಸ್ತ್ರಿ ಸಿಮೆಂಟು ತುಂಬಿ ನೋಡಿದರು, ಕರೀ ಕಲ್ಲಿನ ಮೇಲೆ ಬಿಳೀ ದಾರ ಎಳೆದ ಹಾಗೆ ಎದ್ದು ಕಂಡಿತು. ಅದನ್ನು ತಾವೇ ಉಳಿಯಿಂದ ಕಿತ್ತು ಬಿಸಾಕಿದರು. ಮೇಲೆ ಡಬ್ಬ ಜೋಡಿಸಿದರು, ಅತ್ತೆ ತೆಗೆದು ಕಪಾಟಿಗೆ ಇಟ್ಟರು. ಕೊನೆಗೆ ಹೊಸದುರ್ಗದಿಂದ ಅತ್ತೆಯ ಅಣ್ಣನನ್ನೇ ಕರೆಸಿದರು.

"ಒಂದು ಕಲ್ಲಿಗೋಸ್ಕರ ಸಂಸಾರ ಕೆಡಿಸ್ಕಂತೀಯೇನವ್ವ?" ಎಂದ ಅಣ್ಣ.

"ನಾನೇನ್ ಕೆಡಿಸಿದೆ ಅಣ್ಣ? ಹೊತ್ತು ಹೊತ್ತಿಗೆ ಮುದ್ದೆ ಮಾಡಿ ಇಕ್ತಾ ಇದೀನಿ. ನೀನೂ ಕುಂತ್ಕ, ಉಂಡೇ ಹೋಗು."

ಅಣ್ಣ ಉಂಡು ಬಸ್ಸು ಹತ್ತಿದ.

ಗಿರಾಕಿಗಳು ಬರುವುದು ನಿಂತಿರಲಿಲ್ಲ. ಬಂದವರೆಲ್ಲ, "ಇದೇನ್ ಮೇಸ್ತ್ರಿ, ನಿಮ್ಮನೇಲೇ ಇಂಗೆ?" ಅನ್ನುವವರೇ. ಅತ್ತೆ ಒಳಗಿನಿಂದ "ಅವರನ್ನೇ ಕೇಳ್ರಿ" ಅನ್ನುತ್ತಿದ್ದರು. ಅಷ್ಟೇ ಮಾತು. ಮೇಸ್ತ್ರಿ ಹಳೇ ಸುಳ್ಳು ಹೇಳುವುದು, ಅತ್ತೆ ಕಾಫಿ ಲೋಟವನ್ನು ಬಿರುಕಿನ ಪಕ್ಕಕ್ಕಿಟ್ಟು, ಸೊಟ್ಟ ಬೆರಳಿನ ಕೈಯನ್ನು ಕಲ್ಲಿನ ಮೇಲೆ ಹರವಿ ಸುಮ್ಮನೆ ನಿಲ್ಲುವುದು. ಕಲ್ಲು ನೋಡಿದ ಕಣ್ಣು ಕೈ ನೋಡುತ್ತಿತ್ತು, ಕೈ ನೋಡಿದ ಕಣ್ಣು ಮೇಸ್ತ್ರಿಯನ್ನು ನೋಡುತ್ತಿತ್ತು. ಎಷ್ಟೋ ಜನ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಕ್ಷಮಿಸಿಬಿಡಬೇಕಿತ್ತು, ಗಂಡಹೆಂಡತಿ ಅಂದಮೇಲೆ ಇದ್ದದ್ದೇ ಅಂತ ಕೆಳಗೆ ಕಾಮೆಂಟ್ ಹಾಕಲು ಹೊರಟವರಿಗೆ ಈಗಲೇ ಹೇಳುತ್ತೇನೆ, ಹಾಕಬೇಡಿ. ನಾನು ಆ ಬೆರಳು ನೋಡಿದವಳು.

ತಮ್ಮ ಹೊಸ ಮನೆ ಮುಗಿದ ಮೇಲೆ ದುರ್ಗದ ಆ ಹೆಂಗಸು ಮತ್ತೆ ಬಂದರು. ತಮ್ಮನ ಮನೆಗೂ ಇವರಿಂದಲೇ ಕಲ್ಲು ಹಾಕಿಸಬೇಕು ಅಂತ. ಅಡುಗೆಮನೆಗೆ ಬಂದವರೇ ನಿಂತುಬಿಟ್ಟರು.

"ನಿಮ್ಮನೆ ಕಲ್ಲನ್ನೇ ಇಂಗೆ ಬಿಟ್ಕೊಂಡೋರು ನಮ್ಮ ಕಲ್ಲು ಏನ್ ನೋಡ್ಕೊಂತೀರಿ? ಯಾರು ಒಡೆದಿದ್ದು?"

"ಅವರನ್ನೇ ಕೇಳ್ರಿ" ಎಂದರು ಅತ್ತೆ. ಕೈ ಕಲ್ಲಿನ ಮೇಲೆ ಬಂತು.

ಆವತ್ತು ನಾನೂ ಅಮ್ಮನೂ ಅಲ್ಲೇ ಇದ್ದೆವು. ಮೇಸ್ತ್ರಿ ಮಾವ, "ನಾನೇ ತಾಯಿ... ಕೈ ತಪ್ಪಿ" ಎಂದರು. ಅತ್ತೆ ಕೈ ತೆಗೆಯಲಿಲ್ಲ. ಮೇಸ್ತ್ರಿ ನೆಲ ನೋಡಿಕೊಂಡು ಮತ್ತೆ ಹೇಳಿದರು: "ಕೈ ತಪ್ಪಿ ಅಲ್ಲ. ಸಿಟ್ಟಿಗೆ. ನಾನೇ ಎತ್ತಾಕಿದೆ."

ಆ ಹೆಂಗಸು ಮೇಸ್ತ್ರಿಯ ಕಡೆ ತಿರುಗದೆ ಅತ್ತೆಗೆ ಮಾತ್ರ "ಬರ್ತೀನಿ ಕಣಮ್ಮ" ಎಂದು ಹೇಳಿ ಹೊರಟುಹೋದರು.

ಸಂಜೆ ಅತ್ತೆ ಕುದಿಯುವ ಮುದ್ದೆ ಪಾತ್ರೆಯನ್ನು ಸೊಟ್ಟ ಬೆರಳಲ್ಲೇ ಹಿಡಿದು, ಕಟ್ಟೆಯ ಆ ತುದಿಗೆ ಹೊತ್ತುಕೊಂಡು ಹೋಗಿ ಇಟ್ಟರು. ಹಿಡಿತ ಚೆನ್ನಾಗಿಯೇ ಇತ್ತು! ಮಾರನೇ ದಿನ ಮೇಸ್ತ್ರಿ ಬಿರುಕು ತುಂಬಿದರು. ಅವರ ಜೀವಮಾನದಲ್ಲೇ ಅಂಥ ಕೆಲಸ ಮಾಡಿರಲಿಕ್ಕಿಲ್ಲ. ಬೆಳಕಿಗೆ ಬಾಗಿ ಅಡ್ಡಲಾಗಿ ನೋಡಿದರೂ ಗೆರೆ ಸಿಗದು. ಅತ್ತೆ ಮತ್ತೆ ನಗಲು ಶುರು ಮಾಡಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಅವರೆಕಾಯಿ ಕಾಲ. ನಾನು, ಅಮ್ಮ ಅತ್ತೆಯ ಹಿತ್ತಿಲ ಬಾಗಿಲಲ್ಲಿ ಕೂತು ಕಾಯಿ ಸುಲಿಯುತ್ತಿದ್ದೆವು. ಅತ್ತೆ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದರು. ಶಿವಮೊಗ್ಗದ ಬಸ್ಸಿಳಿದು ಗಂಡಹೆಂಡತಿ ಇಬ್ಬರು ಕಲ್ಲು ನೋಡಲು ಬಂದರು. ಮೇಸ್ತ್ರಿ ಮಾವನಿಗೆ ಹುರುಪು. ಕಟ್ಟೆ ತಟ್ಟಿ ಹೇಳಿದರು:

"ಈ ಕಲ್ಲು ಗೋಡೆಗಂಟ ಸೀಳಿತ್ತು ಸ್ವಾಮಿ. ನಮ್ಮೋಳು ಗುಂಡು ಎತ್ತಾಕ್ಬಿಟ್ಲು, ಕೈಯಲ್ಲಿ ಹಿಡಿತ ಇಲ್ಲ. ಈಗ ಎಲ್ಲಿ ಒಡೆದಿತ್ತು ತೋರಿಸ್ರಿ ನೋಡಾಣ!"

ಅಮ್ಮನ ಕೈಯ ಅವರೆಕಾಯಿ ಅಲ್ಲೇ ನಿಂತಿತು. ಬಂದವರು ಬಗ್ಗಿ ಬಗ್ಗಿ ಹುಡುಕಿದರು, ತಲೆ ಅಲ್ಲಾಡಿಸಿದರು. "ಇಲ್ಲ ಬಿಡ್ರಿ ಮೇಸ್ತ್ರಿ, ಸಿಗಲ್ಲ."

"ನಾನು ತೋರಿಸ್ತೀನಿ, ಈ ಕಡೆ ಸರೀರಿ" ಎಂದರು ಅತ್ತೆ.

ಪಾತ್ರೆ ಎತ್ತಿದರು. ಬಂದವರ ನಡುವೆ ದಾರಿ ಮಾಡಿಕೊಂಡು ಹೋಗಿ, ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಬಿರುಕಿನ ಮೇಲೆ ಇಳಿಸಿದರು. ಮುದ್ದೆಯ ಹಬೆಯೊಳಗಿಂದ ಮೊದಲು ಮೇಣದ ವಾಸನೆ ಬಂತು, ಹಿಂದೆಯೇ ಅರಗಿನ ಕಮಟು. ಪಾತ್ರೆ ಎತ್ತಿದಾಗ ತಳಕ್ಕೆ ಕರೀ ಅಂಟು ನೂಲುನೂಲಾಗಿ ಎದ್ದು ಬಂತು. ಕೆಳಗೆ ಬಿರುಕು, ಅಂಚಿನಿಂದ ಗೋಡೆಯ ತನಕ.

"ಇಲ್ಲಿ ಒಡೆದಿತ್ತು" ಎಂದರು ಅತ್ತೆ. "ಯಾರು ಒಡೆದ್ರು, ಅವರನ್ನೇ ಕೇಳ್ರಿ."

ಆಮೇಲೆ ಮೇಸ್ತ್ರಿ ಮಾವ ಆ ಬಿರುಕಿಗೆ ಕೈ ಹಾಕಲಿಲ್ಲ. ಗಿರಾಕಿಗಳನ್ನು ಜಗಲಿಯಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಿದ್ದರು. ಮೀಸೆ ಸವರಿದ್ದನ್ನು ನಾನು ಮತ್ತೆ ನೋಡಲಿಲ್ಲ. ದಿನವೂ ಆ ಬಿರುಕಿನ ಮೇಲೆ ಇಳಿಸಿದ ಪಾತ್ರೆಯ ಮುದ್ದೆಯನ್ನೇ ಉಂಡರು, ಕೊನೆಯ ತನಕ. ಪಾಪ ಅನ್ನಿಸಲಿಲ್ಲವೇ ಅಂತ ಕೇಳಿದರೆ, ಇಲ್ಲ. ಈಗಲೂ ಇಲ್ಲ.

ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ ನಾನೊಮ್ಮೆ ಅತ್ತೆಯನ್ನು ನೋಡಲು ಹೋಗಿದ್ದೆ. ಕೂದಲು ಬೆಳ್ಳಗಾಗಿತ್ತು. ಬೆರಳು ಹಾಗೇ ಇತ್ತು, ಬಿರುಕೂ ಇತ್ತು, ಒಳಗೆ ರಾಗಿ ಹಿಟ್ಟು ಕೂತು ಬೂದುಬಣ್ಣದ ಗೆರೆಯಾಗಿತ್ತು. "ಈಗಲಾದರೂ ತುಂಬಿಸಿಬಿಡಿ ಅತ್ತೆ, ಇರುವೆ ಹತ್ತುತ್ತೆ" ಎಂದೆ.

ಅತ್ತೆ ಸೊಟ್ಟ ಬೆರಳಲ್ಲಿ ಗೆರೆಯ ಉದ್ದಕ್ಕೂ ಒಮ್ಮೆ ಸವರಿದರು. "ಯಾರ ಕೈಲಿ ತುಂಬಿಸ್ಲಿ ಮಗಾ? ಕಾಣದಂಗೆ ತುಂಬೋ ಕೈ ಇದ್ದದ್ದು ಅದೊಂದೇ."

ಅದೇ ಹೆಮ್ಮೆ. ದುರ್ಗದ ಹೆಂಗಸಿನ ಮುಂದೆ ಕಾಫಿ ಹಿಡಿದು ನಿಂತಾಗ ಇತ್ತಲ್ಲ, ಅದೇ... ಅತ್ತೆ ಹೋದ ಮೇಲೆ ಮನೆ ಕೆಡವಿದರಂತೆ. ಆ ಕಲ್ಲು ಯಾವ ಚರಂಡಿಯ ಮೇಲೆ ಬಿದ್ದಿದೆಯೋ.

ನಮ್ಮ ಮನೆಯ ಕೆಲಸ ಮುಗಿಸಿದಾತ ಕೈ ಒರೆಸಿಕೊಳ್ಳುತ್ತಾ, "ನಾಳೆ ತನಕ ಇಲ್ಲಿ ಬಿಸಿ ಪಾತ್ರೆ ಇಡಬ್ಯಾಡ್ರಿ ಮೇಡಂ" ಎಂದು ಹೇಳಿ ಹೋದ. ಸಂಜೆ ಮುದ್ದೆ ತಿರುವಿದೆ. ಪಾತ್ರೆ ಕೈಯಲ್ಲಿ ಹಿಡಿದು, ಆ ಜಾಗದ ಮುಂದೆ ನಿಂತು ಕೂಗಿದೆ: "ರೀ, ಕುಕ್ಕರ್ ಎತ್ತಾಕಿದ್ದು ಯಾರು?"

"ನಾನೇ ಕಣೇ. ಯಾಕೆ, ಏನೀಗ?"

ಎಷ್ಟು ಸಲೀಸಾಗಿ ಬಂತು ಆ ಮಾತು! ಟಿವಿಯಿಂದ ತಲೆಯನ್ನೂ ತಿರುಗಿಸದೆ ಹೇಳಿದರು. ಪಾತ್ರೆಯನ್ನು ಆ ತುದಿಗೆ ಹೊತ್ತುಕೊಂಡು ಹೋಗಿ ಇಟ್ಟೆ. ಅತ್ತೆಗೆ ಇದನ್ನು ಹೇಳಬೇಕು ಅನ್ನಿಸಿತು, ಎಷ್ಟು ನಗುತ್ತಿದ್ದರೋ... ಹೇಳೋಣ ಅಂದರೆ ಎದುರುಮನೆಯೂ ಇಲ್ಲ, ಅತ್ತೆಯೂ ಇಲ್ಲ.