ತಿರುವಿನ ಬಿಳಿ ಸೈಕಲ್

ಕುಡಿದು ಕಾರು ಓಡಿಸಿ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗನೊಬ್ಬನನ್ನು ಕೊಂದ ನನ್ನ ತಮ್ಮ ವರ್ಲಿನ್, ಜೈಲಿನಿಂದ ಬಿಡುಗಡೆಯಾಗಿ ಬಂದ. ಲೈಸೆನ್ಸ್ ಹೋಗಿತ್ತು, ಸೈಕಲ್ಲಿಗೆ ಮೋಟಾರು ಕೂರಿಸಿಕೊಂಡು ಓಡಾಡುತ್ತೇನೆಂದ. ದಪ್ಪ ಟೈರಿನ ಅಗ್ಗದ ಕ್ರೂಸರ್ ಸೈಕಲ್ ಹುಡುಕಲು ನನ್ನನ್ನು ಓಕಾಲಾದ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿಸಿದ. ಒಂದರ ಕೊಳವೆ ದಪ್ಪವಂತೆ, ಇನ್ನೊಂದರ ಚೌಕಟ್ಟು ಇಕ್ಕಟ್ಟಂತೆ, ಮೋಟಾರು ಕೂರುವುದಿಲ್ಲವಂತೆ.

"ಕಾಲಿಲ್ವೇನೋ ನಿಂಗೆ? ತುಳ್ಕೊಂಡು ಹೋಗು," ಎಂದು ರೇಗಿದೆ.

ನನ್ನ ಪಿಕಪ್ ಟ್ರಕ್ಕಿನಲ್ಲಿ ವಾಪಸು ಬರುವಾಗ, ಹುಡುಗ ಸತ್ತ ತಿರುವಿನಲ್ಲಿ, "ಅಣ್ಣಾ, ಟ್ರಕ್ ನಿಲ್ಸು" ಎಂದ. ಹುಡುಗನ ತಾಯಿ ಅಲ್ಲಿ ಹಳೇ ಕ್ರೂಸರ್ ಒಂದಕ್ಕೆ ಬಿಳಿ ಬಣ್ಣ ಬಳಿದು, ಮಗನ ನೆನಪಿಗೆಂದು ಕಂಬಕ್ಕೆ ಕಟ್ಟಿದ್ದಳು. ವರ್ಲಿನ್ ಅದರ ಮುಂದೆ ಮಂಡಿಯೂರಿದ. ಸದ್ಯ, ಇವನಿಗೂ ಕರುಳಿದೆ ಎಂದುಕೊಂಡೆ.

ಅವನು ಚೌಕಟ್ಟಿನೊಳಗೆ ಗೇಣು ಹಾಕಿ ಅಳೆಯುತ್ತಿದ್ದ.

"ಮೋಟ್ರು ಅಳತೆ ಕೊಟ್ಟು ಮಾಡಿಸ್ದಂಗೆ ಕೂರುತ್ತೆ ಕಣಣ್ಣಾ," ಎಂದ. "ಇಲ್ಲಿ ಸುಮ್ನೆ ತುಕ್ಕು ಹಿಡೀತಿದೆ."