ಅತ್ತೆಯೊಡನೆ ಆಲ್ಪ್ಸ್ ತುದಿಗೆ

ಎತ್ತರವೆಂದರೆ ನನಗೆ ಭಯ ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂಡುಬಿದಿರೆಯ ನಮ್ಮ ಮನೆಯ ತಾರಸಿ ಹತ್ತಿ ನೀರಿನ ಟ್ಯಾಂಕಿಗೆ ಇಣುಕುವ ಕೆಲಸ ಇಂದಿಗೂ ಹೆಂಡತಿ ಶೈಲಜಳದ್ದು. ಅಂಥ ನಾನು ಕಳೆದ ಬೇಸಗೆಯಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿ ಆಲ್ಪ್ಸ್ ಪರ್ವತದ ಒಂದು ತುದಿಯಲ್ಲಿ ನಿಂತು ಬಂದೆ. ಕಾರಣ, ನನ್ನ ಅತ್ತೆ, ಶೈಲಜಳ ಅಮ್ಮ.

ಅತ್ತೆಯ ತವರು ಬೆಳ್ತಂಗಡಿ. ಈಗ ಎಪ್ಪತ್ತೆರಡು. ಅಂಗಳದಲ್ಲಿ ನಿಂತು ಊರಿನ ಗಡಾಯಿಕಲ್ಲು ಬೆಟ್ಟವನ್ನು ನೋಡಿದ್ದೇ ಬಂತು, ಒಮ್ಮೆಯೂ ಹತ್ತಿದವರಲ್ಲ. "ಮದುವೆಗೆ ಮುಂಚೆ, ಹೆಣ್ಣುಮಕ್ಕಳಿಗೆ ಅದೆಲ್ಲ ಎಂತಕ್ಕೆ ಅಂದ್ರು. ಆಮೇಲೆ ಪುರುಸೊತ್ತು ಎಲ್ಲುಂಟು? ಈಗ ಮೊಣಕಾಲು ಬಿಡುವುದಿಲ್ಲ" ಎಂದು ಒಮ್ಮೆ ಹೇಳಿದ್ದರು. ಆಲ್ಪ್ಸಿನಲ್ಲಿ ತಂತಿಗೆ ತೂಗುವ ಡಬ್ಬಿಯೊಳಗೆ ನಿಂತರೆ ಸಾಕು, ಅದೇ ನಮ್ಮನ್ನು ತುದಿಗೆ ಒಯ್ಯುತ್ತದೆ ಎಂದು ಟೂರಿನವರು ಹೇಳಿದ್ದೇ ತಡ, ಅತ್ತೆ ಕುಣಿಯುವುದೊಂದು ಬಾಕಿ. ಮೊಣಕಾಲು ಬೇಡದ ಬೆಟ್ಟ!

ಹಿಂದೆ ಪರ್ವತಗಳಿಗೆ ರೆಕ್ಕೆಗಳಿದ್ದವಂತೆ. ಬೇಕಾದಲ್ಲಿಗೆ ಹಾರಿ ಹೋಗಿ ಕೂರುತ್ತಿದ್ದವಂತೆ. ಕೊನೆಗೆ ಇಂದ್ರ ಆ ರೆಕ್ಕೆಗಳನ್ನು ಕತ್ತರಿಸಿದನಂತೆ. ಕೇಬಲ್ ಕಾರು ಮೇಲೇರತೊಡಗಿದಾಗ ಇಂದ್ರನ ಕಣ್ಣಿಗೆ ಒಂದು ಪರ್ವತ ತಪ್ಪಿಹೋಗಿದೆ ಎಂದು ನನಗೆ ಖಾತ್ರಿಯಾಯಿತು. ಅದು ನೇರ ನನ್ನ ಮೈಮೇಲೆಯೇ ಹಾರಿ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡೆ. ಅತ್ತೆ ಮಾತ್ರ ಗಾಜಿಗೆ ಮೂಗು ಒತ್ತಿ, "ಅಲ್ಲಿ ದನಗಳನ್ನು ನೋಡಿ, ಇರುವೆಯ ಹಾಗೆ ಕಾಣ್ತವೆ!" ಎಂದು ವರದಿ ಒಪ್ಪಿಸುತ್ತಲೇ ಇದ್ದರು.

ತುದಿ ತಲುಪಿದರೆ ಎಲ್ಲೆಲ್ಲೂ ಮೋಡ. ಶೈಲಜಳಿಗೆ ತಲೆ ಸುತ್ತಿ, ಹೋಟೆಲಿನೊಳಗೆ ಬಿಸಿ ಚಾಕಲೇಟು ಹಿಡಿದು ಕೂತಳು. ನಮ್ಮ ಗೈಡ್, ಮಂಗಳೂರಿನ ಹೆಂಗಸು, "ಇವತ್ತು ಎಂತ ಸಹ ಕಾಣುದಿಲ್ಲ. ಅರ್ಧ ಗಂಟೆ ಕೂತು ಕೆಳಗೆ ಹೋಗುವ" ಎಂದರು.

ಅತ್ತೆಯ ಮುಖ ಸಣ್ಣಗಾಯಿತು. ಮರುಕ್ಷಣವೇ ಎದ್ದರು.

"ಇಷ್ಟು ದೂರ ಬಂದದ್ದು ಬೆಂಚಿನಲ್ಲಿ ಕೂರ್ಲಿಕ್ಕಾ? ಬನ್ನಿ, ಹೊರಗೆ ಹೋಗುವ."

"ಜಾರ್ತದೆ ಅತ್ತೆ."

"ಜಾರಿದ್ರೆ ನಾನು ನಿಮ್ಮನ್ನು ಹಿಡ್ಕೊಳ್ತೇನೆ."

ಸೀರೆಯ ಮೇಲೆ ನನ್ನ ಜಾಕೆಟ್ ತೊಟ್ಟು ಅವರು ಮುಂದೆ, ಸ್ವೆಟರಿನಲ್ಲಿ ನಡುಗುತ್ತ ನಾನು ಹಿಂದೆ. ಇಪ್ಪತ್ತು ಹೆಜ್ಜೆ ಹೋಗಿರಬಹುದು, ಗಾಳಿ ಬೀಸಿತು. ಯಾರೋ ಸರಕ್ಕನೆ ಪರದೆ ಎಳೆದಂತೆ ಮೋಡ ಸರಿಯಿತು. ಬಿಸಿಲು! ಸುತ್ತಲೂ ಬೆಳ್ಳಗೆ ಹೊಳೆಯುವ ಶಿಖರಗಳು, ಅವುಗಳ ಹಿಂದೆ ಮತ್ತಷ್ಟು ಶಿಖರಗಳು, ಪಾತಾಳದಲ್ಲೊಂದು ಹಸಿರು ಕೆರೆ. ಅತ್ತೆ ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದರು. ಕಣ್ಣಲ್ಲಿ ನೀರು.

"ಮಾರಾಯ್ರೇ, ನಾನು ತುದಿಯಲ್ಲಿದ್ದೇನೆ!" ಎಂದು ಕೂಗಿದರು. ಬಗ್ಗಿ ಒಂದು ಮುಷ್ಟಿ ಹಿಮ ಬಾಚಿ ನನ್ನ ಎದೆಗೆ ಹೊಡೆದರು. ಅತ್ತೆಗೆ ಹಿಮ ಎಸೆಯಬಹುದೇ ಎಂಬುದಕ್ಕೆ ಯಾವ ಶಾಸ್ತ್ರದಲ್ಲೂ ವಿಧಿಯಿಲ್ಲ. ನಾನೂ ಎಸೆದೆ. ಇಬ್ಬರೂ ಕಿರುಚಿದೆವು. ಐದು ನಿಮಿಷದಲ್ಲಿ ಮೋಡ ಮತ್ತೆ ಮುಚ್ಚಿಕೊಂಡಿತು.

ಒಳಗೆ ಬಂದಾಗ ಶೈಲಜ, "ಫೋಟೋ ತೆಗೆದ್ರಾ?" ಎಂದಳು. ಮೊಬೈಲು ಜಾಕೆಟಿನ ಜೇಬಿನಲ್ಲೇ ಇತ್ತು. ಇಬ್ಬರಿಗೂ ಅದರ ನೆನಪೇ ಆಗಿರಲಿಲ್ಲ.

"ಫೋಟೋ ಎಂತಕ್ಕೆ? ನಾನು ಹೇಳ್ತೇನೆ, ಕೇಳು" ಎಂದು ಅತ್ತೆ ಶುರು ಮಾಡಿದರು.

ಕೇಬಲ್ ಕಾರಿನಲ್ಲಿ ಕೆಳಗಿಳಿಯುವಷ್ಟರಲ್ಲಿ ಐದು ನಿಮಿಷದ ಬಿಸಿಲು ಹತ್ತು ನಿಮಿಷವಾಯಿತು. ಈಗ ಬೆಳ್ತಂಗಡಿಯ ನೆಂಟರ ಮುಂದೆ ಅದು ಅರ್ಧ ಗಂಟೆ ದಾಟಿದೆ. ಶಿಖರಗಳೂ ಒಂದಷ್ಟು ಹೆಚ್ಚಿವೆ. "ಬೇಕಾದ್ರೆ ಇವರನ್ನು ಕೇಳಿ" ಎಂದು ಅತ್ತೆ ನನ್ನತ್ತ ಕೈ ತೋರಿಸುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಇದುವರೆಗೆ ಅನಿಸಿಲ್ಲ.